ಸಿಗರೇಟಿಗೆ ತೆರಿಗೆ ಏರಿತು, ಬೀಡಿಗೆ ಇಳೀತು: ಇದು ಯಾರ ಮೇಲಿನ ಕರುಣೆ?



ಉದ್ದದ ಪೋಸ್ಟು. ಬಿಡುವು ಮಾಡ್ಕೊಂಡು ಪೂರ್ತಿ ಓದಿ, ಬೈಯೋದಿದ್ರೆ ಆಮೇಲೆ ಬೈಯಿರಿ.

2026ರ ಫೆಬ್ರವರಿ 1ರಿಂದ ಸಿಗರೇಟಿನ ತೆರಿಗೆ ಏರಿದೆ. ಶೇ. 28 ಇದ್ದ ಜಿಎಸ್‌ಟಿ ಶೇ. 40 ಆಗಿದೆ. ಅದರ ಜೊತೆಗಿದ್ದ ಪರಿಹಾರ ಸೆಸ್ ಹೋಗಿ, ಆ ಜಾಗಕ್ಕೆ ಕೇಂದ್ರದ ಅಬಕಾರಿ ಸುಂಕ ಬಂದಿದೆ. ಸಿಗರೇಟಿನ ಉದ್ದ ನೋಡ್ಕೊಂಡು ಸಾವಿರಕ್ಕೆ 2,050 ರೂಪಾಯಿಂದ 8,500 ರೂಪಾಯಿವರೆಗೆ. ಇದನ್ನೆಲ್ಲ ನೀವು ಪೇಪರಿನಲ್ಲಿ ಓದಿದ್ದೀರಿ.

ಆದರೆ ಅದೇ ದಿನದಿಂದ ಬೀಡಿಯ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಬೀಡಿ ಎಲೆಯದ್ದು 2025ರ ಸೆಪ್ಟೆಂಬರ್‌ನಲ್ಲೇ ಶೇ. 18ರಿಂದ 5ಕ್ಕೆ ಇಳಿದಿತ್ತು. ಈ ಸುದ್ದಿ ಒಳಪುಟಕ್ಕೆ ಹೋಯ್ತು.

ನಮ್ಮ ಗ್ರೂಪುಗಳಲ್ಲಿ ಇದಕ್ಕೆ ಬಂದ ಪ್ರತಿಕ್ರಿಯೆ ಎರಡೇ ಥರ. ಒಂದು, "ಸಿಗರೇಟು ತಾನೇ, ಸೇದೋರು ಕಟ್ಲಿ ಬಿಡಿ" ಅನ್ನೋದು. ಇನ್ನೊಂದು, "ಬೀಡಿಗೆ ಇಳಿಸಿದ್ದು ಒಳ್ಳೇದೇ ಆಯ್ತು, ಅದು ಬಡವರದ್ದು" ಅನ್ನೋದು. ಎರಡನೇ ಮಾತು ಹೇಳಿದವರಲ್ಲಿ ನಾನು ಬಹಳ ಗೌರವ ಇಟ್ಟುಕೊಂಡಿರೋ ಹಿರಿಯ ಕಾರ್ಮಿಕ ಸಂಗಾತಿಗಳೂ ಇದ್ದಾರೆ. ಅವರ ಕಾಳಜಿ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಆ ಮಾತನ್ನ ನಾನು ಒಪ್ಪಲ್ಲ. ಸಿಗರೇಟಿಗೆ ಏರಿಸಿದ್ದು ಸರಿ. ಬೀಡಿಗೆ ಇಳಿಸಿದ್ದು ತಪ್ಪು. ಈ ಎರಡರಿಂದ ಬರೋ ದುಡ್ಡು ನಮ್ಮ ಕೇರಿಗಳಿಗೆ ವಾಪಸ್ ಬರದೇ ಇರೋದು ಇನ್ನೂ ದೊಡ್ಡ ತಪ್ಪು. ಯಾಕೆ ಅಂತ ಹೇಳ್ತೀನಿ.

ಮೊದಲು, ತೆರಿಗೆ ಏರಿಸಿದ್ರೆ ಸೇದೋದು ಕಡಿಮೆ ಆಗುತ್ತಾ? ಆಗುತ್ತೆ. ಬೆಲೆ ಶೇ. 10 ಏರಿದರೆ ನಮ್ಮಂಥ ದೇಶಗಳಲ್ಲಿ ಬಳಕೆ ಸುಮಾರು ಶೇ. 5 ಇಳಿಯುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಬಹಳ ವರ್ಷದಿಂದ ಹೇಳ್ತಾ ಬಂದಿದೆ. ಬೆಲೆಗೆ ಮೊದಲು ಬಗ್ಗೋದು ಜೇಬು ಹಗುರ ಇರೋರು, ಅಂದ್ರೆ ಕಾಲೇಜು ಹುಡುಗ್ರು, ದಿನಗೂಲಿಯವರು. ನಮ್ಮ ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ದಿನಾ ನೋಡ್ತೀನಿ. ಬೆಲೆ ಏರಿದ ಮೇಲೂ ಸಾಹೇಬ್ರು ಅದೇ ಬ್ರಾಂಡು ಸೇದ್ತಾರೆ. ಹೊರಗುತ್ತಿಗೆ ಡ್ರೈವರ್‌ಗಳಲ್ಲಿ ಒಬ್ಬ ದಿನಕ್ಕೆ ಆರು ಇದ್ದದ್ದನ್ನ ಮೂರಕ್ಕೆ ಇಳಿಸಿದ್ದಾನೆ. ಇನ್ನೊಬ್ಬ ಸಿಗರೇಟು ಬಿಟ್ಟು ಬೀಡಿ ಕಟ್ಟು ತಗೊಳೋಕೆ ಶುರು ಮಾಡಿದ್ದಾನೆ.

ಆ ಮೂರನೆಯವನ ಬಗ್ಗೆಯೇ ನನ್ನ ಇಡೀ ತಕರಾರು. ಸರ್ಕಾರ ಒಂದು ಕೈಯಲ್ಲಿ ಸಿಗರೇಟಿನ ಬೆಲೆ ಏರಿಸಿ, ಇನ್ನೊಂದು ಕೈಯಲ್ಲಿ ಬೀಡಿಯ ಬೆಲೆ ಇಳಿಸಿದರೆ ಬಡವ ಎಲ್ಲಿಗೆ ಹೋಗ್ತಾನೆ? ಬಿಡೋ ಕಡೆಗಲ್ಲ, ಬೀಡಿ ಕಡೆಗೆ.

ಅಂಕಿ ನೋಡಿ. 2016-17ರಲ್ಲಿ ಕೇಂದ್ರ ಸರ್ಕಾರವೇ ಮಾಡಿಸಿದ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ಈ ದೇಶದ ವಯಸ್ಕರಲ್ಲಿ ಸಿಗರೇಟು ಸೇದೋರು ಶೇ. 4. ಬೀಡಿ ಸೇದೋರು ಶೇ. 7.7. ಜಗಿಯೋ ತಂಬಾಕಿನವರು ಶೇ. 21.4. ನಮ್ಮ ಕರ್ನಾಟಕದಲ್ಲಿ ಸೇದೋರು ಶೇ. 8.8, ಜಗಿಯೋರು ಶೇ. 16.3. ಟಿವಿಯಲ್ಲಿ "ಸಿನ್ ಟ್ಯಾಕ್ಸ್" ಅಂತ ಚರ್ಚೆ ಆಗೋದು ಆ ಶೇ. 4ರ ಬಗ್ಗೆ. ತಂಬಾಕಿನಿಂದ ಈ ದೇಶದಲ್ಲಿ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ಸಾಯ್ತಾರೆ. ಅದರಲ್ಲಿ ಬಹುಪಾಲು ಬೀಡಿ ಮತ್ತು ಜಗಿಯೋ ತಂಬಾಕಿನವರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ತಂಬಾಕು ಬಳಕೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಲ್ಲಿ ಮೇಲ್ಜಾತಿಗಳಿಗಿಂತ ಜಾಸ್ತಿ ಅಂತ ಪ್ರತಿ ಸಲ ಬರುತ್ತೆ. ಅಂದ್ರೆ ನಮ್ಮವರು.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು, ಚಿಲ್ಲರೆ ಬೆಲೆಯಲ್ಲಿ ಕನಿಷ್ಠ ಶೇ. 75 ತೆರಿಗೆ ಇರಬೇಕು ಅಂತ. ಈ ಹೊಸ ದರ ಬರೋದಕ್ಕೆ ಮುಂಚೆ ಸಿಗರೇಟಿನಲ್ಲಿ ಅದು ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು. ಬೀಡಿಯಲ್ಲಿ ಶೇ. 22ರ ಆಸುಪಾಸು. ಅಷ್ಟು ಕಡಿಮೆ ಇದ್ದದ್ದನ್ನೇ ಈಗ ಇನ್ನೂ ಇಳಿಸಿದ್ದಾರೆ. ಬೀಡಿಯಲ್ಲಿ ಫಿಲ್ಟರ್ ಇಲ್ಲ. ಆರಿ ಹೋಗದ ಹಾಗೆ ಮತ್ತೆ ಮತ್ತೆ ಜೋರಾಗಿ ಎಳೀಬೇಕು. ಹಾಗಾಗಿ ಟಾರು, ವಿಷಾನಿಲ ಎರಡೂ ಸಿಗರೇಟಿಗಿಂತ ಕಡಿಮೆ ಏನಲ್ಲ, ಜಾಸ್ತಿನೇ ಅಂತ ಅಧ್ಯಯನಗಳು ಹೇಳಿವೆ. "ಎಲೆ ತಾನೇ, ಕಾಗದ ಅಲ್ವಲ್ಲ" ಅಂತ ನಮ್ಮ ಹಿರೀಕರು ಹೇಳೋದು ಬರೀ ಸಮಾಧಾನ.

ನನ್ನ ಚಿಕ್ಕಪ್ಪ ಇದನ್ನೇ ಹೇಳ್ತಿದ್ದ. ಗಂಟಲು ಕ್ಯಾನ್ಸರ್ ಅಂತ ಗೊತ್ತಾಗೋ ಹೊತ್ತಿಗೆ ಅನ್ನ ಇಳೀತಿರಲಿಲ್ಲ. ಅದಕ್ಕೆ ಮುಂಚೆ ಆರೇಳು ತಿಂಗಳು ನಮ್ಮ ಕಡೆಯ ಆಸ್ಪತ್ರೆಗೆ ಹೋಗಿ ಬಂದು ಮಾಡ್ತಿದ್ದ. ಕೆಮ್ಮಿನ ಸಿರಪ್ ಕೊಟ್ಟು ಕಳಿಸ್ತಿದ್ರು. ಯಾರೂ ಒಂದು ಸಲ ಬಾಯಿ ತೆಗೆಸಿ ಟಾರ್ಚು ಬಿಟ್ಟು ನೋಡಲಿಲ್ಲ. ಬೆಂಗಳೂರಿಗೆ ಕರ್ಕೊಂಡು ಹೋದಾಗ ಚಿಕಿತ್ಸೆ ಕಾರ್ಡಿನ ಮೇಲೆ ನಡೀತು, ಸುಳ್ಳು ಹೇಳಲ್ಲ. ಆದರೆ ಬಸ್ಸಿನ ಚಾರ್ಜು, ಜೊತೆಗೆ ಹೋದ ಚಿಕ್ಕಮ್ಮನ ಕೂಲಿ, ಉಳ್ಕೊಳೋ ಜಾಗ, ಊಟ, ಇದ್ಯಾವುದಕ್ಕೂ ಕಾರ್ಡಿಲ್ಲ. ಎರಡು ಹಸು ಹೋದವು. ಚಿಕ್ಕಮ್ಮನ ಓಲೆ ಹೋಯ್ತು. ಚಿಕ್ಕಪ್ಪನೂ ಹೋದ. ಅಗ್ಗದ ಬೀಡಿ ಬಡವರಿಗೆ ಅನುಕೂಲ ಅನ್ನೋರು ಈ ಲೆಕ್ಕವನ್ನೂ ಸೇರಿಸಿ ಕೂಡಬೇಕು. ನಮ್ಮ ಕೇರಿಗಳಲ್ಲಿ ಇಂಥ ಚಿಕ್ಕಪ್ಪ ಇಲ್ಲದ ಮನೆ ಹುಡುಕಬೇಕಾಗುತ್ತೆ.

ಇಲ್ಲೊಂದು ಎಚ್ಚರಿಕೆ. "ಆ ಜನ ಕುಡೀತಾರೆ, ಸೇದ್ತಾರೆ, ಅದಕ್ಕೇ ಉದ್ಧಾರ ಆಗಲ್ಲ" ಅನ್ನೋ ಮಾತನ್ನ ಕೇಳಿಕೊಂಡೇ ನಾವೆಲ್ಲ ಬೆಳೆದಿದ್ದೀವಿ. ನಾನು ಆ ಸಾಲಿಗೆ ಸೇರೋನಲ್ಲ. ಬೆಳಗಿನ ಜಾವ ಕಸದ ಗಾಡಿ ಹತ್ತೋ ಪೌರಕಾರ್ಮಿಕ, ಯುಜಿಡಿ ಗುಂಡಿ ಬಳಿ ನಿಲ್ಲೋನು, ಹಮಾಲಿ, ಇವರು ಯಾಕೆ ಬಾಯಿಗೆ ತಂಬಾಕು ಹಾಕ್ತಾರೆ, ಯಾಕೆ ಬೀಡಿ ಹಚ್ತಾರೆ ಅಂತ ಕೇಳಿ. ವಾಸನೆ ತಡ್ಕೊಳೋಕೆ. ಹಸಿವು ಮುಂದೂಡೋಕೆ. ಆ ಕೆಲಸವನ್ನ ಒಂದೇ ಜಾತಿಗಳ ತಲೆಗೆ ಕಟ್ಟಿ, ಅದನ್ನ ಮಾಡೋಕೆ ಬೇಕಾದ ಚಟವನ್ನೂ ಅವರಿಗೇ ಅಂಟಿಸಿ, ಆಮೇಲೆ ಬುದ್ಧಿ ಹೇಳೋಕೆ ಬರೋರಿಗೆ ನನ್ನ ಹತ್ರ ಉತ್ತರ ಬೇರೆ ಇದೆ. ಆದರೆ ಬುದ್ಧಿ ಹೇಳೋರು ಕಪಟಿಗಳು ಅನ್ನೋ ಕಾರಣಕ್ಕೆ ವಿಷ ಅಮೃತ ಆಗಲ್ಲ. ಕೇರಿ ಪಕ್ಕದಲ್ಲಿ ಹೆಂಡದಂಗಡಿ ಬೇಡ ಅಂತ ನಮ್ಮ ಹಿರಿಯರು ಬೀದಿಗಿಳಿದಾಗ ಅದನ್ನ ನಾವು ಮಡಿವಂತಿಕೆ ಅಂದ್ವಾ? ಸ್ವಾಭಿಮಾನ ಅಂದ್ವಿ. ಬೀಡಿ ವಿಷಯಕ್ಕೆ ಬಂದಾಗ ಮಾತ್ರ "ಬಡವರ ಖುಷಿ ಕಿತ್ಕೋಬೇಡಿ" ಅಂದ್ರೆ ಹೇಗೆ?

ಈಗ ಕಷ್ಟದ ಪ್ರಶ್ನೆಗೆ ಬರ್ತೀನಿ. ಬೀಡಿ ಕಟ್ಟೋರ ಗತಿ ಏನು?

ದೇಶದಲ್ಲಿ ಸುಮಾರು 50 ಲಕ್ಷ ನೋಂದಾಯಿತ ಬೀಡಿ ಕಾರ್ಮಿಕರಿದ್ದಾರೆ, ಹೆಚ್ಚಿನವರು ಹೆಂಗಸರು. ನಮ್ಮಲ್ಲಿ ದಕ್ಷಿಣ ಕನ್ನಡ, ಉಡುಪಿ, ತುಮಕೂರು, ಮೈಸೂರು ಕಡೆ ಮುಸ್ಲಿಂ, ಹಿಂದುಳಿದ, ದಲಿತ ಮನೆಗಳಲ್ಲಿ ಮೊರ ತೊಡೆ ಮೇಲಿಟ್ಕೊಂಡು ಕೂರೋ ಅಕ್ಕಂದಿರು ಇವರು. ಎಲೆ, ಹುಡಿ, ನೂಲು ತೂಕ ಮಾಡಿ ಕೊಡ್ತಾರೆ. ಎಲೆ ಕೆಟ್ಟದ್ದು ಬಂದರೆ, ಕಮ್ಮಿ ಬಿದ್ದರೆ ಕೈಯಿಂದ ದುಡ್ಡು ಹಾಕಿ ತರಬೇಕು. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಕೊಡೋಕೆ ಹೋದಾಗ ಗುತ್ತಿಗೆದಾರ ಒಂದಷ್ಟನ್ನ "ಸರಿಯಿಲ್ಲ" ಅಂತ ತೆಗೆದು ಪಕ್ಕಕ್ಕೆ ಹಾಕ್ತಾನೆ, ಅದಕ್ಕೆ ಕೂಲಿ ಇಲ್ಲ. ಹುಡಿಯ ಧೂಳು ಅವಳ ಎದೆಯಲ್ಲಿ, ಪಕ್ಕದಲ್ಲಿ ಮಲಗಿರೋ ಕೂಸಿನ ಮೂಗಲ್ಲಿ.

ತೆರಿಗೆ ಏರಿಸಬೇಡಿ ಅಂತ ದಿಲ್ಲಿಗೆ ಹೋಗುವಾಗ ಬೀಡಿ ಮಾಲೀಕರು ಈ ಅಕ್ಕಂದಿರನ್ನೇ ಮುಂದೆ ನಿಲ್ಲಿಸ್ತಾರೆ. ಕನಿಷ್ಠ ಕೂಲಿ, ತುಟ್ಟಿಭತ್ಯೆ, ಪಿಎಫ್ ಅಂತ ಅದೇ ಅಕ್ಕಂದಿರು ಕೇಳಿದಾಗ "ಇವರು ನಮ್ಮ ಕಾರ್ಮಿಕರೇ ಅಲ್ಲ, ಗುತ್ತಿಗೆದಾರನ ಕಡೆಯವರು" ಅಂತಾರೆ. ಈಗ ಶೇ. 28 ಇದ್ದದ್ದು ಶೇ. 18 ಆಯ್ತಲ್ಲ, ಆ ಇಳಿಕೆಗೆ ಸರ್ಕಾರ ಒಂದಾದರೂ ಷರತ್ತು ಹಾಕಿತಾ? ಸಾವಿರ ಬೀಡಿಗೆ ಇಷ್ಟು ಕೂಲಿ ಏರಿಸಿ, ಆಗ ಮಾತ್ರ ರಿಯಾಯಿತಿ ಅಂತ? ಇಲ್ಲ. ಕಟ್ಟೋಳ ಹೆಸರಲ್ಲಿ ಬಂದ ರಿಯಾಯಿತಿ ಕಟ್ಟಿಸೋನ ಜೇಬಿಗೆ ಹೋಯ್ತು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ಸೆಸ್ ಕಾಯ್ದೆ ಬಂತು. ಪ್ರತಿ ಸಾವಿರ ಬೀಡಿ ಮೇಲೆ ಒಂದು ಸಣ್ಣ ಮೊತ್ತ ವಸೂಲಿ ಮಾಡಿ, ಆ ದುಡ್ಡನ್ನ ಬೀಡಿ ಕಾರ್ಮಿಕರ ಆಸ್ಪತ್ರೆ, ಮಕ್ಕಳ ಸ್ಕಾಲರ್‌ಶಿಪ್, ಮನೆ ಸಹಾಯಧನಕ್ಕೇ ಖರ್ಚು ಮಾಡಬೇಕು ಅಂತ. ಸಣ್ಣ ಸೆಸ್ಸೇ, ಆದರೆ ಅದರ ಮೇಲೆ ಹೆಸರು ಬರೆದಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎಷ್ಟೋ ಸೆಸ್‌ಗಳ ಜೊತೆ ಅದನ್ನೂ ತೆಗೆದುಹಾಕಿದ್ರು. ಬೀಡಿಗೆ ಶೇ. 28 ತೆರಿಗೆ ಕೂತಿತು, ಕಾರ್ಮಿಕಳ ಹೆಸರಲ್ಲಿದ್ದ ಸೆಸ್ ಹೋಯ್ತು. ಈಗ ಆ ಯೋಜನೆಗಳು ವರ್ಷ ವರ್ಷ ಬಜೆಟ್‌ನಲ್ಲಿ ಎಷ್ಟು ಇಡ್ತಾರೋ ಅಷ್ಟರಲ್ಲಿ ನಡೀಬೇಕು. ಸಾಲದ್ದಕ್ಕೆ, 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯೂ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಕರಗಿ ಹೋಯ್ತು.

ನಾನು ಗುಮಾಸ್ತ. ಇಪ್ಪತ್ತು ವರ್ಷ ಕಡತ ತಿರುಗಿಸಿದವನಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಲೆಕ್ಕ ಶೀರ್ಷಿಕೆ ಇಲ್ಲದ ದುಡ್ಡನ್ನ ಯಾರೂ ಹಕ್ಕಿಂದ ಕೇಳೋಕಾಗಲ್ಲ. "ನಿಮ್ಮ ಹೆಸರಲ್ಲಿ ಅನುದಾನ ಇಲ್ಲ" ಅಂತ ಒಂದು ಸಾಲಿನ ಹಿಂಬರಹ ಸಾಕು, ಅರ್ಜಿ ವಾಪಸ್.

ಸಿಗರೇಟಿನ ತೆರಿಗೆಯ ಕಥೆಯೂ ಇದೇ. ಏರಿಸೋವಾಗ ಪ್ರತಿ ಸಲ ಆರೋಗ್ಯದ ಹೆಸರು ಹೇಳ್ತಾರೆ. ಇಷ್ಟು ದಿನ ಇದ್ದ ಪರಿಹಾರ ಸೆಸ್ ಎಲ್ಲಿಗೆ ಹೋಯ್ತು? ಮೊದಲು ರಾಜ್ಯಗಳ ಜಿಎಸ್‌ಟಿ ನಷ್ಟ ತುಂಬೋಕೆ. ಆಮೇಲೆ, ಕೊರೊನಾ ಕಾಲದಲ್ಲಿ ರಾಜ್ಯಗಳಿಗೆ ಪರಿಹಾರ ಕೊಡೋಕೆ ಕೇಂದ್ರ ಮಾಡಿದ ಸಾಲ ತೀರಿಸೋಕೆ. ಈಗ ಬಂದಿರೋ ಅಬಕಾರಿ ಸುಂಕ ಸಾಮಾನ್ಯ ಖಜಾನೆಗೆ ಹೋಗುತ್ತೆ, ಹಣಕಾಸು ಆಯೋಗದ ಸೂತ್ರದಂತೆ ರಾಜ್ಯಗಳಿಗೂ ಒಂದು ಪಾಲು ಬರುತ್ತೆ. ಅದು ಒಳ್ಳೇದೇ. ಆದರೆ ಆ ದುಡ್ಡಲ್ಲಿ ಇಷ್ಟು ಕ್ಯಾನ್ಸರ್ ತಪಾಸಣೆಗೆ, ಇಷ್ಟು ಬೀಡಿ ಕಾರ್ಮಿಕರಿಗೆ ಅಂತ ಎಲ್ಲೂ ಬರೆದಿಲ್ಲ. 2017-18ರಲ್ಲಿ ತಂಬಾಕಿನ ಕಾಯಿಲೆ, ಸಾವುಗಳಿಂದ ದೇಶಕ್ಕಾದ ನಷ್ಟ ಸುಮಾರು 1 ಲಕ್ಷ 77 ಸಾವಿರ ಕೋಟಿ ರೂಪಾಯಿ ಅಂತ ಅಂದಾಜು ಮಾಡಿದ್ರು. ಈ ನಷ್ಟದ ದೊಡ್ಡ ಭಾಗ ಹೊರೋದು ಕುಟುಂಬಗಳು, ಹಸು ಮಾರಿ, ಓಲೆ ಅಡ ಇಟ್ಟು.

ಬಾಬಾಸಾಹೇಬರು ಅರ್ಥಶಾಸ್ತ್ರ ಓದಿದವರು. ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ಮೇಲೆ ಅವರು ಬರೆದ ಪುಸ್ತಕ 1925ರಲ್ಲೇ ಬಂತು. ತೆರಿಗೆಯ ಭಾರ ಯಾರ ಬೆನ್ನ ಮೇಲೆ, ಖರ್ಚಿನ ಲಾಭ ಯಾರ ಮನೆಗೆ, ಈ ಎರಡನ್ನೂ ಒಟ್ಟಿಗೇ ಕೇಳೋದು ನಾವು ಅವರಿಂದ ಕಲೀಬೇಕಾದ ಪಾಠ. ನಮ್ಮ ಚಳವಳಿ ಮೊದಲನೇ ಪ್ರಶ್ನೆ ಕೇಳುತ್ತೆ, ಎರಡನೇದಕ್ಕೆ ಹೋಗೋದೇ ಇಲ್ಲ.

ಹೆಸರು ಬರೆದು ಇಟ್ಟ ದುಡ್ಡೂ ಜಾರಿ ಹೋಗುತ್ತಲ್ಲ ಅಂತ ಕೇಳಬಹುದು. ನಿಜ. ಎಸ್‌ಸಿಎಸ್‌ಪಿ-ಟಿಎಸ್‌ಪಿಗೆ 2013ರಲ್ಲಿ ಕಾಯ್ದೆಯನ್ನೇ ಮಾಡಿಸ್ಕೊಂಡ್ವಿ. ಆದರೂ 2023-24ರಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಹಣವನ್ನ ಗ್ಯಾರಂಟಿ ಯೋಜನೆಗಳಿಗೆ ತಿರುಗಿಸಿದ್ರು. ಆದರೆ ಅದನ್ನ ಹಿಡಿದು ಕೇಳೋಕೆ ನಮಗೆ ಸಾಧ್ಯ ಆಗಿದ್ದೇ ಕಾಯ್ದೆ ಇದ್ದದ್ದರಿಂದ. 7ಡಿ ಕಲಂ ರದ್ದಾಗಿದ್ದೂ ನಾವು ಬಿಡದೇ ಕೇಳಿದ್ದರಿಂದ. ತಂಬಾಕಿನ ದುಡ್ಡಿಗೆ ಕೇಳೋಕೆ ಅಂಥದ್ದೂ ಇಲ್ಲ.

ಬೇರೆ ದೇಶದಲ್ಲಿ ಇದು ಆಗಿದೆ. ಫಿಲಿಪೀನ್ಸ್ ನಮ್ಮ ಥರದ್ದೇ ಬಡವರಿರೋ ದೇಶ. ಅಲ್ಲೂ ತಂಬಾಕು ಬೆಳೆಯೋ ಪ್ರಾಂತ್ಯಗಳಿವೆ. 2012ರಲ್ಲಿ ಅವರು ತಂಬಾಕು ಮತ್ತು ಮದ್ಯದ ತೆರಿಗೆ ಏರಿಸಿದಾಗ, ಅಗ್ಗದ ಸಿಗರೇಟಿಗೂ ದುಬಾರಿ ಸಿಗರೇಟಿಗೂ ಇದ್ದ ತೆರಿಗೆ ಅಂತರವನ್ನ ಹಂತ ಹಂತವಾಗಿ ತೆಗೆದು ಒಂದೇ ದರಕ್ಕೆ ತಂದ್ರು. ಬಂದ ಹೆಚ್ಚುವರಿ ದುಡ್ಡಿನಲ್ಲಿ ಒಂದು ಪಾಲು ತಂಬಾಕು ಬೆಳೆಯೋ ಪ್ರಾಂತ್ಯಗಳಿಗೆ, ಉಳಿದದ್ದರ ದೊಡ್ಡ ಪಾಲು ಬಡವರ ಆರೋಗ್ಯ ವಿಮೆಗೆ ಅಂತ ಕಾಯ್ದೆಯಲ್ಲೇ ಬರೆದ್ರು. 2009ರಲ್ಲಿ ಅಲ್ಲಿನ ವಯಸ್ಕರಲ್ಲಿ ತಂಬಾಕು ಬಳಸೋರು ಶೇ. 29.7 ಇದ್ದದ್ದು 2015ಕ್ಕೆ ಶೇ. 23.8 ಆಯ್ತು. ಅಗ್ಗದ ಮಾಲನ್ನ ಹೊರಗೆ ಬಿಡಲಿಲ್ಲ, ದುಡ್ಡನ್ನ ಹೆಸರಿಲ್ಲದೇ ಬಿಡಲಿಲ್ಲ. ನಾನು ಕೇಳ್ತಿರೋದು ಇವೆರಡೇ.

ನಮ್ಮಲ್ಲಿ ಆಗ್ತಿರೋದು ತಿರುಗಾಮುರುಗ. ಸಿಗರೇಟಿಗೆ ಉದ್ದ ನೋಡಿ ತೆರಿಗೆ. 2012ರಲ್ಲಿ 65 ಮಿಲಿಮೀಟರ್‌ಗೆ ಕಡಿಮೆ ದರ ಅಂದ ತಕ್ಷಣ ಕಂಪನಿಗಳು 64 ಮಿಲಿಮೀಟರ್ ಸಿಗರೇಟು ತಂದವು. ಬೀಡಿಗೆ ರಿಯಾಯಿತಿ. ಗುಟ್ಕಾ 2013ರಿಂದ ನಮ್ಮ ರಾಜ್ಯದಲ್ಲಿ ನಿಷೇಧ, ಆದರೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡೂ ಒಂದೇ ಸರದಲ್ಲಿ ನೇತಾಡ್ತವೆ. ಬಿಡಿ ಸಿಗರೇಟು ಮಾರೋ ಹಾಗಿಲ್ಲ ಅಂತ ರಾಜ್ಯದ ಕಾಯ್ದೆ ಹೇಳುತ್ತೆ, ಬಿಡಿಯಾಗಿ ಸಿಗದ ಅಂಗಡಿ ತೋರಿಸಿ. ದಂಡ ಹಾಕೋ ದಿನ ಬಂದರೆ ಬೀಳೋದು ಕಂಪನಿಗಲ್ಲ, ಪೆಟ್ಟಿಗೆ ಅಂಗಡಿ ಇಟ್ಕೊಂಡಿರೋ ವಿಧವೆಗೆ, ಕಾಲಿಲ್ಲದ ಅಣ್ಣನಿಗೆ. ತೆರಿಗೆ ಏರಿದರೆ ಕಳ್ಳಮಾಲು ಜಾಸ್ತಿ ಆಗುತ್ತೆ ಅಂತ ಕಂಪನಿಗಳು ಪ್ರತಿ ಸಲ ಹೆದರಿಸ್ತವೆ. ಕಳ್ಳಮಾಲು ಹಿಡಿಯೋದು ಸರ್ಕಾರದ ಕೆಲಸ, ಅದಕ್ಕೆ ತೆರಿಗೆ ಇಳಿಸೋದು ಉತ್ತರ ಅಲ್ಲ.

ಕೊನೇದಾಗಿ ನಮ್ಮ ಮೈಸೂರು ಜಿಲ್ಲೆಯ ಮಾತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳೆಯೋ ವರ್ಜೀನಿಯಾ ಹೊಗೆಸೊಪ್ಪಿನಲ್ಲಿ ದೊಡ್ಡ ಪಾಲು ವಿದೇಶಕ್ಕೆ ಹೋಗುತ್ತೆ. ಹಾಗಾಗಿ ಇಲ್ಲಿ ಸಿಗರೇಟಿಗೆ ತೆರಿಗೆ ಏರಿದ ತಕ್ಷಣ ಹರಾಜು ಕಟ್ಟೆಯಲ್ಲಿ ಬೆಲೆ ಬಿದ್ದೇಹೋಗುತ್ತೆ ಅನ್ನೋದು ಬರೀ ಹೆದರಿಕೆ. ತಂಬಾಕು ಮಂಡಳಿ ಹತ್ರ ಲೈಸೆನ್ಸ್ ಇರೋ ಬೆಳೆಗಾರರ ಪಟ್ಟಿ ಇದೆ, ಬ್ಯಾರನ್‌ಗಳ ಲೆಕ್ಕ ಇದೆ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ರಾತ್ರಿಯೆಲ್ಲ ಬ್ಯಾರನ್ ಬೆಂಕಿ ಕಾಯೋ ಕೂಲಿಯವರ ಪಟ್ಟಿ ಎಲ್ಲಿದೆ? ಹಸಿ ಸೊಪ್ಪಿನ ರಸ ಚರ್ಮಕ್ಕೆ ಇಳಿದು ವಾಂತಿ, ತಲೆಸುತ್ತು ಬರೋದು ಬರಿಗೈಲಿ ಮುರಿಯೋ ಇವರಿಗೇ. ಲೈಸೆನ್ಸ್ ಬೇಕು ಅಂದ್ರೆ ಜಮೀನು ಬೇಕು. ಜಮೀನು ಯಾರ ಹತ್ರ ಇದೆ, ಕೂಲಿ ಯಾರು ಮಾಡ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಾಳೆ ಪರ್ಯಾಯ ಬೆಳೆಗೆ ಸಹಾಯಧನ ಬಂದರೂ ಅದು ಪಹಣಿ ಇರೋನಿಗೇ ಹೋಗುತ್ತೆ.

ಹಾಗಾಗಿ ನನ್ನ ಬೇಡಿಕೆಗಳು ಇವು:

1. ಬೀಡಿಗೆ ಕೊಟ್ಟಿರೋ ಇಳಿಕೆ ವಾಪಸ್ ಆಗಲಿ. ಐದಾರು ವರ್ಷದ ವೇಳಾಪಟ್ಟಿ ಮೊದಲೇ ಪ್ರಕಟಿಸಿ, ಬೀಡಿ, ಜಗಿಯೋ ತಂಬಾಕು, ಸಿಗರೇಟು ಇವುಗಳ ನಡುವಿನ ಅಂತರ ತೆಗೀಲಿ. ಬಡವನಿಗೆ ಅಗ್ಗದ ವಿಷ ಅಂತ ಬೇರೆ ಸಾಲು ಬೇಡ.

2. ತೆರಿಗೆ ಏರೋ ಮುಂಚೆ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಕಾಯ್ದೆಬದ್ಧ ಪಾಲು ಮತ್ತೆ ಬರಲಿ. ಮಕ್ಕಳ ಓದು, ಮನೆ, ಕ್ಷಯ-ಉಬ್ಬಸದ ಚಿಕಿತ್ಸೆ, ಬೇರೆ ಕೆಲಸಕ್ಕೆ ಹೋಗೋವರೆಗೆ ತಿಂಗಳ ಭತ್ಯೆ. ಮೊದಲು ಇದು, ಆಮೇಲೆ ಅದು. ಈ ಕ್ರಮ ಉಲ್ಟಾ ಆದರೆ ಬೀದಿಗಿಳಿಯೋರಲ್ಲಿ ನಾನೂ ಒಬ್ಬ.

3. ತಂಬಾಕು ತೆರಿಗೆಯಲ್ಲಿ ರಾಜ್ಯಕ್ಕೆ ಬರೋ ಪಾಲಿನಿಂದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಬಾಯಿ-ಗಂಟಲು ಕ್ಯಾನ್ಸರ್ ತಪಾಸಣೆ ನಡೀಲಿ, ತಿಂಗಳಿಗೊಮ್ಮೆ ಕೇರಿಗೇ ಬಂದು. ಚಿಕಿತ್ಸೆಗೆ ಹೋಗೋರಿಗೆ ಮತ್ತು ಜೊತೆಗೆ ಹೋಗೋ ಒಬ್ಬರಿಗೆ ಪ್ರಯಾಣ ಭತ್ಯೆ, ಕೂಲಿ ನಷ್ಟ ಪರಿಹಾರ ಸಿಗಲಿ. ಇದಕ್ಕೆ ಪ್ರತ್ಯೇಕ ಲೆಕ್ಕ ಶೀರ್ಷಿಕೆ ಇರಲಿ.

4. ತಂಬಾಕು ಮಂಡಳಿ ಕೂಲಿಯವರನ್ನೂ ನೋಂದಾಯಿಸಲಿ. ಪರ್ಯಾಯದ ದುಡ್ಡಲ್ಲಿ ಪಹಣಿ ಇಲ್ಲದವರಿಗೂ ಪಾಲು ಬರೆದಿಡಲಿ.

5. ಪೌರಕಾರ್ಮಿಕರಿಗೆ ತಂಬಾಕು ಬಿಡಿಸೋ ಶಿಬಿರ ಮಾಡೋ ಮುಂಚೆ ಮಾಸ್ಕು, ಗ್ಲೌಸು, ಕೆಲಸದ ಜಾಗದಲ್ಲಿ ಬೆಳಗಿನ ತಿಂಡಿ ಕೊಡಲಿ. ಗುಂಡಿಗೆ ಮನುಷ್ಯನನ್ನ ಇಳಿಸೋದು ನಿಲ್ಲಲಿ.

 ಮೂರನೇ ಬೇಡಿಕೆಯನ್ನ ರಾಜ್ಯ ಸರ್ಕಾರವೇ ಮಾಡಬಹುದು, ದಿಲ್ಲಿ ಕಡೆ ಕೈ ತೋರಿಸೋ ಹಾಗಿಲ್ಲ. ನಾನು ಮನವಿಯ ಕರಡು ಬರೆದಿಟ್ಟಿದ್ದೀನಿ. ಬೇಕಾದ ಸಂಘಟನೆಗಳು ಇನ್‌ಬಾಕ್ಸ್‌ಗೆ ಬನ್ನಿ, ನಿಮ್ಮ ತಾಲ್ಲೂಕಿನ ಹೆಸರು ಹಾಕಿ ತಹಸೀಲ್ದಾರ್ ಮೂಲಕ ಕೊಡಿ, ಸ್ವೀಕೃತಿ ಮೊಹರು ಮರೀದೇ ಹಾಕಿಸ್ಕೊಳ್ಳಿ.

ಬೀಡಿ ಯೂನಿಯನ್ ಸಂಗಾತಿಗಳಿಗೆ ಒಂದೇ ವಿನಂತಿ. ನನ್ನ ಮಾತು ಒಪ್ಪದಿದ್ರೆ ಕಾರಣ ಬರೀರಿ, ಉತ್ತರ ಕೊಡ್ತೀನಿ. ಆದರೆ ಬೀಡಿ ಅಗ್ಗ ಇರಲಿ ಅನ್ನೋದನ್ನ ಮಾಲೀಕರ ಬಾಯಿಂದ ಕೇಳೋಣ, ಅವರಿಗೆ ಅದರಲ್ಲಿ ಲಾಭ ಇದೆ. ನಾವು ಕೂಲಿ ಕೇಳೋಣ, ನಿಧಿ ಕೇಳೋಣ, ಆಸ್ಪತ್ರೆ ಕೇಳೋಣ.

ಜೈ ಭೀಮ್.